ಬಾಗಿಲವರೆಗೆ ಬಂದು ವಾಪಸ್ ಹೋದ ಪಾರ್ಸೆಲ್: ಒಂದು ಡೆಲಿವರಿ ಆ್ಯಪ್‌ನ ಪ್ರಕರಣ ಅಧ್ಯಯನ

ನಮಗೆ ಬಂದ ಕೆಲಸ ಕೇಳುವುದಕ್ಕೆ ಸರಳವಾಗಿತ್ತು. ಮಧ್ಯಮ ಗಾತ್ರದ ಒಂದು ಕೊರಿಯರ್ ಸಂಸ್ಥೆ. ಅದಕ್ಕೆ ಆಗಲೇ ಒಂದು ಮೊಬೈಲ್ ಆ್ಯಪ್ ಇತ್ತು. ಪಾರ್ಸೆಲ್ ಬುಕ್ ಮಾಡುವುದು, ಹಣ ಕಟ್ಟುವುದು, ಎಲ್ಲಿದೆ ಎಂದು ನೋಡುವುದು, ಎಲ್ಲವೂ ಅದರಲ್ಲೇ. ಆದರೂ ಗ್ರಾಹಕ ಸೇವೆಯ ಫೋನುಗಳಿಗೆ ಬಿಡುವಿರಲಿಲ್ಲ. ಪಾರ್ಸೆಲ್ ಎಲ್ಲಿದೆ ಎಂದು ಜನರಿಗೆ ಗೊತ್ತಾಗುತ್ತಿಲ್ಲ, ಅದಕ್ಕೇ ಫೋನ್ ಮಾಡುತ್ತಾರೆ ಎಂಬುದು ಸಂಸ್ಥೆಯವರ ಲೆಕ್ಕ. ಗಾಡಿ ಎಲ್ಲೆಲ್ಲಿ ಓಡುತ್ತಿದೆ ಎಂದು ನಕ್ಷೆಯಲ್ಲಿ ತೋರಿಸಿಬಿಟ್ಟರೆ ಫೋನು ನಿಲ್ಲುತ್ತದೆ ಎಂದುಕೊಂಡಿದ್ದರು. ನಮಗೆ ಕೊಟ್ಟ ಬೇಡಿಕೆಯ ಪಟ್ಟಿಯಲ್ಲಿ ಮೊದಲ ಸಾಲೇ 'ಲೈವ್ ನಕ್ಷೆ ಬೇಕು' ಎಂದಿತ್ತು.

ಆ ತಂಡದಲ್ಲಿ ಪರದೆಗಳ ವಿನ್ಯಾಸದ ಹೊಣೆ ನನ್ನದು. ನಕ್ಷೆಗೆ ಕೈಹಾಕುವ ಮೊದಲು ಎರಡು ದಿನ ಆ ಫೋನುಗಳನ್ನೇ ಕೇಳಿಸಿಕೊಳ್ಳುತ್ತೇವೆ ಎಂದೆವು. ಒಪ್ಪಿದರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಮೊದಲ ಗಂಟೆಯಲ್ಲೇ ನಮ್ಮ ಊಹೆ ಅಲ್ಲಾಡತೊಡಗಿತು. ಫೋನ್ ಮಾಡಿದವರಲ್ಲಿ ಹೆಚ್ಚಿನವರಿಗೆ ಪಾರ್ಸೆಲ್ ಎಲ್ಲಿದೆ ಎಂದು ಗೊತ್ತಿತ್ತು. ಆ್ಯಪ್‌ನಲ್ಲಿ 'ಔಟ್ ಫಾರ್ ಡೆಲಿವರಿ' ಎಂದು ಬಂದದ್ದನ್ನು ಓದಿಯೇ ಕರೆ ಮಾಡಿದ್ದರು. ಅವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. "ಇವತ್ತು ಬರುತ್ತೆ ಅಂತಿದೆ, ನಾನು ಮನೇಲೇ ಕಾಯ್ಬೇಕಾ, ಆಚೆ ಹೋಗಿ ಬರಬಹುದಾ?" "ಪಕ್ಕದ ಮನೇಲಿ ಕೊಟ್ಟು ಹೋಗಿ ಅಂತ ಯಾರಿಗೆ ಹೇಳ್ಬೇಕು?" ಮತ್ತೆ ಮತ್ತೆ ಕೇಳಿಬಂದ, ಸಿಟ್ಟೂ ಬೇಸರವೂ ಕೂಡಿದ ಇನ್ನೊಂದು ಮಾತು: "ಮನೇಲಿ ಯಾರೂ ಇರ್ಲಿಲ್ಲ ಅಂತ ಮೆಸೇಜ್ ಬಂದಿದೆ. ಬೆಳಗ್ಗೆಯಿಂದ ನಾನು ಎಲ್ಲಿಗೂ ಅಲ್ಲಾಡಿಲ್ಲ. ಯಾರು ಬಂದ್ರು, ಯಾವಾಗ ಬಂದ್ರು?"

ಈ ಕೊನೆಯ ಮಾತಿನ ಬೆನ್ನು ಹತ್ತಿದ್ದರಿಂದಲೇ ಇಡೀ ಕೆಲಸದ ದಿಕ್ಕು ಬದಲಾಯಿತು. ಸಂಸ್ಥೆಯ ವರದಿಗಳಲ್ಲಿ ಡೆಲಿವರಿ ಆಗದಿರುವುದಕ್ಕೆ ಮೊದಲ ಕಾರಣ 'ಗ್ರಾಹಕರು ಮನೆಯಲ್ಲಿಲ್ಲ' ಎಂಬುದೇ. ಗ್ರಾಹಕರು ಮನೆಯಲ್ಲೇ ಇದ್ದೆವು ಎನ್ನುತ್ತಿದ್ದಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಕಚೇರಿಯಲ್ಲಿ ಮಾತಾಗಿತ್ತು. ನನಗೇಕೋ ಹಾಗನ್ನಿಸಲಿಲ್ಲ.

ಒಂದು ದಿನ ಗಾಡಿಯ ಜೊತೆ

ಹಲವು ವರ್ಷದಿಂದ ಪಾರ್ಸೆಲ್ ಹಂಚುತ್ತಿರುವ ಹಿರಿಯರೊಬ್ಬರ ಜೊತೆ ಬೆಳಗ್ಗೆಯಿಂದ ಸಂಜೆಯವರೆಗೆ ಸುತ್ತಿದೆ. ಅವರ ಕೈಯಲ್ಲಿರುವ ಆ್ಯಪ್ ಬೇರೆ, ಗ್ರಾಹಕರದ್ದು ಬೇರೆ. ಅವರ ಆ್ಯಪ್ ನಮ್ಮ ಒಪ್ಪಂದದಲ್ಲಿ ಸೇರಿರಲೇ ಇಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ಒಂದು ಮನೆ ಸಿಗಲಿಲ್ಲ. ಲೇಬಲ್ ಮೇಲೆ ಮನೆ ನಂಬರ್ ಇದೆ, ಅದರ ಕೆಳಗಿನ ಸಾಲಿನಲ್ಲಿ 'ಎರಡನೇ ಮುಖ್ಯರ' ಎಂದಿದೆ. ಅಷ್ಟೇ. ಸಾಲು ಅಲ್ಲಿಗೇ ನಿಂತಿದೆ. ಅದೇ ನಂಬರಿನ ಎರಡು ಮನೆಗಳ ಬಾಗಿಲು ತಟ್ಟಿದರು, ದಾರಿಯಲ್ಲಿ ಸಿಕ್ಕ ಇಬ್ಬರನ್ನು ಕೇಳಿದರು. ಲೇಬಲ್‌ನಲ್ಲಿದ್ದ ಫೋನ್ ನಂಬರಿಗೆ ಕರೆ ಮಾಡಿದರೆ ಎತ್ತಿದವರು ಪಾರ್ಸೆಲ್ ಕಳಿಸಿದವರು. ಅವರಿರುವುದು ಬೇರೆ ಊರಿನಲ್ಲಿ. "ಅಲ್ಲೇ ಎಲ್ಲೋ ಇರ್ಬೇಕು, ವಿಚಾರಿಸಿ" ಎಂದು ಇಟ್ಟುಬಿಟ್ಟರು.

ಬಿಸಿಲು ನೆತ್ತಿಗೇರಿತ್ತು. ಬಲ ಕಂಕುಳಲ್ಲಿ ಪೆಟ್ಟಿಗೆ, ಎಡಗೈಯಲ್ಲಿ ಫೋನು. ಪರದೆ ಕಾಣದೆ ದೇಹವನ್ನೇ ನೆರಳಿಗೆ ತಿರುಗಿಸಿಕೊಂಡು 'ಡೆಲಿವರಿ ಆಗಲಿಲ್ಲ' ಎಂಬುದನ್ನು ಒತ್ತಿದರು. ಕಾರಣಗಳ ಪಟ್ಟಿ ತೆರೆಯಿತು. ಮೊದಲ ಸಾಲು 'ಗ್ರಾಹಕರು ಮನೆಯಲ್ಲಿಲ್ಲ'. 'ವಿಳಾಸ ಅಪೂರ್ಣ' ಎಂಬುದು ಆರನೆಯದು, ಪಟ್ಟಿಯನ್ನು ಮೇಲಕ್ಕೆ ಸರಿಸಿದರೆ ಮಾತ್ರ ಕಾಣುವಂಥದ್ದು. ಅದನ್ನು ಆರಿಸಿದರೆ ಒಂದು ಫೋಟೊ ತೆಗೆಯಬೇಕು, ಕಡಿಮೆಯೆಂದರೆ ಇಪ್ಪತ್ತು ಅಕ್ಷರದ ವಿವರಣೆ ಟೈಪ್ ಮಾಡಬೇಕು. ಅವರ ಹೆಬ್ಬೆರಳು ಮೊದಲ ಸಾಲನ್ನು ಒತ್ತಿತು. ಗಾಡಿ ಮುಂದೆ ಹೊರಟಿತು.

"ಅಣ್ಣಾ, ಅದ್ಯಾಕೆ ಅದನ್ನೇ ಒತ್ತಿದ್ರಿ?" ಎಂದು ಕೇಳಿದೆ.

"ಇನ್ನೂ ಮೂವತ್ತು ಪಾರ್ಸೆಲ್ ಇದೆ ಮೇಡಂ. ಒಂದು ಕೈಲಿ ಏನಂತ ಬರೆಯೋದು? ಬರೀತಾ ನಿಂತ್ರೆ ಸಂಜೆಗೆ ಮುಗಿಯಲ್ಲ."

ಮರುಕ್ಷಣ ಗ್ರಾಹಕರ ಫೋನಿಗೆ 'ನೀವು ಮನೆಯಲ್ಲಿರಲಿಲ್ಲ' ಎಂಬ ಸಂದೇಶ ಹೋಗಿರುತ್ತದೆ. ಅವರು ಸಿಟ್ಟಿನಿಂದ ಕರೆ ಮಾಡುತ್ತಾರೆ. ಸಂಜೆ ವರದಿಯಲ್ಲಿ ಇನ್ನೊಬ್ಬ ಗ್ರಾಹಕರು ಮನೆಯಲ್ಲಿಲ್ಲದವರ ಲೆಕ್ಕಕ್ಕೆ ಸೇರುತ್ತಾರೆ. ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ನಿಜ ಹೇಳುವ ದಾರಿಯನ್ನು ಉದ್ದ ಮಾಡಿ, ತಪ್ಪು ಹೇಳುವ ದಾರಿಯನ್ನು ಒಂದೇ ಒತ್ತಿಗೆ ಇಳಿಸಿದ್ದು ಆ ಪರದೆ. ಸಂಸ್ಥೆ ಅದನ್ನೇ ನಂಬಿಕೊಂಡು, ಗ್ರಾಹಕರು ಮನೆಯಲ್ಲಿರುವಂತೆ ಮಾಡಲು ನೆನಪಿನ ಸಂದೇಶಗಳನ್ನು ಹೆಚ್ಚಿಸುತ್ತಾ ಬಂದಿತ್ತು.

ಒಂದೇ ಕೈಯ ಮಾತು ಬರೀ ಅವರೊಬ್ಬರದ್ದಲ್ಲ. ಮೊಬೈಲ್ ಬಳಕೆಯ ಬಗ್ಗೆ ಅಧ್ಯಯನ ಮಾಡುವ ವಿನ್ಯಾಸಕ ಸ್ಟೀವನ್ ಹೂಬರ್ 2013ರಲ್ಲಿ ಬೀದಿ, ಬಸ್ಸು, ನಿಲ್ದಾಣಗಳಲ್ಲಿ ಜನ ಫೋನ್ ಹಿಡಿಯುವ ರೀತಿಯನ್ನು 1,333 ಸಲ ಗಮನಿಸಿ ಬರೆದಿಟ್ಟರು. ಪರದೆ ಮುಟ್ಟುತ್ತಿದ್ದವರಲ್ಲಿ 49 ಪ್ರತಿಶತ ಜನ ಒಂದೇ ಕೈ ಬಳಸುತ್ತಿದ್ದರು. ಇನ್ನೊಂದು ಕಂಕುಳಲ್ಲಿ ಪೆಟ್ಟಿಗೆ ಇರುವವರಿಗಂತೂ ಬೇರೆ ದಾರಿಯೇ ಇಲ್ಲ.

ಅದೇ ವಾರ ಸಂಸ್ಥೆಯ ಜೊತೆ ಕೂತು, ಡೆಲಿವರಿಯವರ ಆ್ಯಪ್‌ನ ಆ ಒಂದು ಪರದೆಯನ್ನಾದರೂ ನಮಗೆ ಬಿಟ್ಟುಕೊಡಿ ಎಂದು ಕೇಳಿಕೊಂಡೆವು. ಹೊಸದರಲ್ಲಿ ನಾಲ್ಕೇ ಕಾರಣಗಳು, ನಾಲ್ಕೂ ಪರದೆಯ ಕೆಳ ಅರ್ಧದಲ್ಲಿ, ಹೆಬ್ಬೆರಳಿಗೆ ಎಟುಕುವಂತೆ. ಆಂಡ್ರಾಯ್ಡ್‌ನ ಮೆಟೀರಿಯಲ್ ಡಿಸೈನ್ ಎಂಬ ವಿನ್ಯಾಸದ ನಿಯಮ ಮುಟ್ಟುವ ಜಾಗ ಕಡಿಮೆಯೆಂದರೆ 48 ಡಿಪಿ (ಪರದೆಯ ಅಳತೆಯ ಮಾನ), ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಎನ್ನುತ್ತದೆ. ನಾವು ಅದಕ್ಕಿಂತ ಎತ್ತರ ಮಾಡಿದೆವು, ಏಕೆಂದರೆ ಒದ್ದೆ ಬೆರಳು, ಕೈಗವಸು ಎರಡೂ ಇರುತ್ತವೆ. ಯಾವ ಕಾರಣ ಆರಿಸಿದರೂ ಕೆಲಸ ಒಂದೇ: ಒಂದು ಒತ್ತು, ಒಂದು ಫೋಟೊ. ಟೈಪ್ ಮಾಡುವುದು ಎಲ್ಲಕ್ಕೂ ಐಚ್ಛಿಕ. ಫೋಟೊ ಮಾತ್ರ ಎಲ್ಲಕ್ಕೂ ಕಡ್ಡಾಯ, 'ಮನೆಯಲ್ಲಿಲ್ಲ' ಎಂಬುದಕ್ಕೂ. ದಾರಿಗಳೆಲ್ಲ ಸಮವಾದರೆ ಜನ ನಿಜವನ್ನೇ ಒತ್ತುತ್ತಾರೆ ಎಂದು ನಾವು ನಂಬಿದ್ದೆವು.

ಪರೀಕ್ಷೆಯನ್ನು ಕಚೇರಿಯ ಮೇಜಿನ ಮೇಲೆ ಮಾಡಲಿಲ್ಲ, ಮಧ್ಯಾಹ್ನದ ಬಿಸಿಲಲ್ಲಿ ನಿಂತು ಮಾಡಿದೆವು. ಎಲ್ಲರೂ ಸುಲಭವಾಗಿ ಓದಿ ಬಳಸುವಂತಿರಬೇಕು ಎನ್ನುವ ಅಂತರ್ಜಾಲದ ಸುಗಮ್ಯತೆಯ ಮಾರ್ಗಸೂಚಿ ಸಾಮಾನ್ಯ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ನಡುವೆ ಕನಿಷ್ಠ 4.5:1 ಅಂತರ (ಕಾಂಟ್ರಾಸ್ಟ್) ಕೇಳುತ್ತದೆ. ನಮ್ಮ ಬೂದು ಅಕ್ಷರ ಆ ಗಡಿಯನ್ನು ದಾಟಿತ್ತು, ಬಿಸಿಲಲ್ಲಿ ಮಾತ್ರ ಕಾಣಲಿಲ್ಲ. ಬೂದು ಬಿಟ್ಟು ಕಪ್ಪಿಗೆ ಹೋದೆವು.

ತಪ್ಪು ಹುಟ್ಟುವ ಜಾಗ

'ಎರಡನೇ ಮುಖ್ಯರ' ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕಳಿಸಿದವರು ಅರ್ಧ ವಿಳಾಸ ಬರೆಯುವಷ್ಟು ಬೇಜವಾಬ್ದಾರಿಯವರಲ್ಲ ಎಂದು ಬುಕಿಂಗ್ ದಾಖಲೆ ತೆಗೆಸಿ ನೋಡಿದೆವು. ಅವರು 'ಎರಡನೇ ಮುಖ್ಯರಸ್ತೆ, ನೀರಿನ ಟ್ಯಾಂಕ್ ಎದುರು, ಹಸಿರು ಗೇಟು' ಎಂದು ಪೂರ್ತಿಯಾಗಿಯೇ ಬರೆದಿದ್ದರು.

ಲೇಬಲ್ ಮುದ್ರಿಸುವ ಹಳೆಯ ವ್ಯವಸ್ಥೆಯಲ್ಲಿ ವಿಳಾಸದ ಒಂದು ಸಾಲಿಗೆ 35ರ ಮಿತಿ ಇತ್ತು. 35 ಅಕ್ಷರ ಎಂದು ಎಲ್ಲರೂ ತಿಳಿದಿದ್ದರು. ಅದು 35 ಬೈಟ್, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಜಾಗದ ಅಳತೆ. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್ ಸಾಕು, ಹಾಗಾಗಿ ಯಾರಿಗೂ ವ್ಯತ್ಯಾಸ ಗೊತ್ತಾಗಿರಲಿಲ್ಲ. ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಗುಣಿತ, ಒತ್ತುಗಳಿಗೂ ಬೇರೆ ಬೇರೆಯೇ ಲೆಕ್ಕ. 'ರಸ್ತೆ' ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿಗೆ ರ, ಸ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ತ, ಎತ್ವ ಎಂದು ಐದು ಸಂಕೇತ, 15 ಬೈಟ್. 'ಎರಡನೇ' 15, ನಡುವಿನ ಖಾಲಿ ಜಾಗ 1, ಉಳಿದದ್ದರಲ್ಲಿ ಆರು ಸಂಕೇತ ಹಿಡಿಯಿತು: 'ಮುಖ್ಯರ'. ಅಲ್ಲಿಗೆ 34. ಇನ್ನೊಂದು ಸಂಕೇತಕ್ಕೆ ಜಾಗವಿಲ್ಲ. ಟ್ಯಾಂಕೂ ಗೇಟೂ ದಾರಿಯಲ್ಲೇ ಬಿದ್ದುಹೋದವು. ಬುಕ್ ಮಾಡಿದವರ ಪರದೆಯಲ್ಲಿ ವಿಳಾಸ ಪೂರ್ತಿ ಕಾಣುತ್ತಿತ್ತು, ತುಂಡಾದದ್ದು ಕಂಡದ್ದು ಬಾಗಿಲು ಹುಡುಕುವವರಿಗೆ ಮಾತ್ರ. ತಮ್ಮ ಭಾಷೆಯಲ್ಲಿ ವಿಳಾಸ ಬರೆದವರ ಪಾರ್ಸೆಲ್ಲೇ ತಲುಪದೆ ಹೋಗುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಮಿತಿಯನ್ನು ಸರಿಪಡಿಸುವ ಕೆಲಸ ಮುದ್ರಣದ ತಂಡಕ್ಕೆ ಹೋಯಿತು. ಅದು ಮುಗಿಯುವವರೆಗೆ ನಮ್ಮ ಕೈಲಾದದ್ದು ಲೇಬಲ್ ಹೇಗೆ ಬರುತ್ತದೋ ಹಾಗೆಯೇ ಬುಕಿಂಗ್ ಪರದೆಯಲ್ಲಿ ತೋರಿಸುವುದು. ಅರ್ಧಕ್ಕೆ ನಿಂತ ಸಾಲನ್ನು ಕಂಡೊಡನೆ ಜನ ತಾವೇ ಚಿಕ್ಕದಾಗಿ ಬರೆದು ಸರಿಮಾಡಿಕೊಂಡರು. ಯಾವ ಎಚ್ಚರಿಕೆಯ ಸಂದೇಶವೂ ಬೇಕಾಗಲಿಲ್ಲ.

ಇದಕ್ಕಿಂತ ಆಳದ ತೊಂದರೆ ಇನ್ನೊಂದಿತ್ತು. ವಿಳಾಸ ಬರೆಯುವವರು ಆ ವಿಳಾಸದಲ್ಲಿ ಇರುವವರಲ್ಲ. ಕಳಿಸುವವರು ಯಾವಾಗಲೋ ಬಂದ ಹಳೆಯ ಮೆಸೇಜಿನಿಂದ ವಿಳಾಸ ನಕಲು ಮಾಡುತ್ತಾರೆ, ಫೋನ್ ನಂಬರ್ ಕೇಳಿದ ಕಡೆ ತಮ್ಮದನ್ನೇ ಹಾಕುತ್ತಾರೆ. ಏಕೆಂದರೆ ಆ ಆ್ಯಪ್‌ನಲ್ಲಿ ಬರೀ 'ಫೋನ್ ನಂಬರ್' ಎಂದಿತ್ತು, ಯಾರದ್ದು ಎಂದಿರಲಿಲ್ಲ. ಅದನ್ನು 'ಪಾರ್ಸೆಲ್ ತೆಗೆದುಕೊಳ್ಳುವವರ ಫೋನ್ ನಂಬರ್' ಎಂದು ಬದಲಿಸಿದೆವು. ಇಡೀ ಯೋಜನೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಟ್ಟ ಬದಲಾವಣೆ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ.

ಆ ಮೇಲೆ ವಿಳಾಸ ಖಚಿತಪಡಿಸುವ ಕೆಲಸವನ್ನು ಪಡೆಯುವವರಿಗೇ ಒಪ್ಪಿಸಿದೆವು. ಬುಕ್ ಆದ ಕೂಡಲೇ ಅವರಿಗೊಂದು ಸಂದೇಶ, ಅದರಲ್ಲಿ ಒಂದು ಲಿಂಕ್. ಆ್ಯಪ್ ಇಳಿಸಿಕೊಳ್ಳುವ ಅಗತ್ಯವಿಲ್ಲ, ಲಾಗಿನ್ ಬೇಡ. ವರ್ಷಕ್ಕೊಮ್ಮೆ ಪಾರ್ಸೆಲ್ ಬರುವವರಿಂದ ಆ್ಯಪ್ ಹಾಕಿಸಿಕೊಳ್ಳುವುದು ಅನ್ಯಾಯ. ಪುಟ ತೆರೆದರೆ ಮೂರೇ ಪ್ರಶ್ನೆ: ಬಾಗಿಲು ಎಲ್ಲಿ, ಹತ್ತಿರ ಗುರುತು ಏನು, ನೀವಿಲ್ಲದಿದ್ದರೆ ಯಾರಿಗೆ ಕೊಡಬೇಕು.

ಮೊದಲ ಪ್ರಯೋಗದಲ್ಲಿ ಇದೂ ಎಡವಿತು. ನಕ್ಷೆ ತೆರೆದಾಗ ಪಿನ್ (ಜಾಗ ತೋರಿಸುವ ಗುರುತು) ಪರದೆಯ ನಡುವೆ ನಿಂತಿರುತ್ತಿತ್ತು, ಜನ ಅದನ್ನು ಸರಿಸದೆ ಹಾಗೇ 'ಸರಿ' ಒತ್ತುತ್ತಿದ್ದರು. ಫೋನಿನ ಜಿಪಿಎಸ್ ತೆರೆದ ಆಕಾಶದ ಕೆಳಗೆ ಸುಮಾರು 5 ಮೀಟರ್ ಒಳಗೆ ಜಾಗ ಹೇಳಬಲ್ಲದು. ಮನೆಯೊಳಗೆ, ಎತ್ತರದ ಕಟ್ಟಡಗಳ ಮಧ್ಯೆ ಅದು ಎಲ್ಲೆಲ್ಲೋ ಹೋಗುತ್ತದೆ. ಹಾಗಾಗಿ ಪಿನ್ ಹಿಂದಿನ ಬೀದಿಯಲ್ಲೋ ರಸ್ತೆಯ ಮಧ್ಯದಲ್ಲೋ ಬಿದ್ದಿರುತ್ತಿತ್ತು. ಪಿನ್ ಇಲ್ಲದೆ ನಕ್ಷೆ ತೆರೆದು, 'ನಿಮ್ಮ ಗೇಟಿನ ಮೇಲೆ ಬೆರಳಿಡಿ' ಎಂದು ಕೇಳಿದಾಗ ಜನ ನಿಂತು ನೋಡಿ, ದೊಡ್ಡದು ಮಾಡಿ, ಗೇಟನ್ನೇ ಹುಡುಕಿ ಮುಟ್ಟಿದರು.

ಲಿಂಕ್ ಕಳಿಸುವುದರಲ್ಲಿ ಒಂದು ಅಪಾಯವೂ ಇದೆ. ಪಾರ್ಸೆಲ್ ಹೆಸರಲ್ಲಿ ಸುಳ್ಳು ಸಂದೇಶ ಕಳಿಸಿ ಹಣ ದೋಚುವ ವಂಚನೆ ಹಲವು ದೇಶಗಳಲ್ಲಿ ನಡೆಯುತ್ತಿದೆ. ಎಚ್ಚರದ ಜನ ಇಂಥ ಲಿಂಕ್ ಒತ್ತುವುದಿಲ್ಲ, ಒತ್ತಬಾರದು ಕೂಡ. ಅದಕ್ಕೆ ಸಂದೇಶದಲ್ಲೇ ಕಳಿಸಿದವರ ಹೆಸರು ಹಾಕಿದೆವು. ಲಿಂಕ್ ಬೇಡವೆಂದರೆ ಸಂಸ್ಥೆಯ ಜಾಲತಾಣಕ್ಕೆ ತಾವೇ ಹೋಗಿ ಹಾಕಬಹುದಾದ ಚಿಕ್ಕ ಸಂಖ್ಯೆಯನ್ನೂ ಕೊಟ್ಟೆವು. ಆ ಪುಟದಲ್ಲಿ ಎಂದೂ ಹಣ ಕೇಳಬಾರದು ಎಂದು ಪಟ್ಟು ಹಿಡಿದೆವು. ಬಾಕಿ ಶುಲ್ಕವನ್ನು ಅಲ್ಲೇ ಕಟ್ಟಿಸಿಕೊಂಡರೆ ಅನುಕೂಲ ಎಂದು ಹಣಕಾಸು ವಿಭಾಗ ಒತ್ತಾಯಿಸಿತು. ಒಂದು ಸಲ ಅಲ್ಲಿ ಹಣ ಕೇಳಿದರೆ ಸುಳ್ಳು ಲಿಂಕಿಗೂ ನಮ್ಮದಕ್ಕೂ ವ್ಯತ್ಯಾಸ ಹೇಳಲು ಜನರಿಗೆ ಏನೂ ಉಳಿಯುವುದಿಲ್ಲ ಎಂದು ವಾದಿಸಿದೆ. ಮೂರು ಸಭೆ ಹಿಡಿಯಿತು, ಕೊನೆಗೆ ಒಪ್ಪಿದರು. ಪಡೆಯುವವರು ಗುರುತಿಸಿದ ಜಾಗ ಕಳಿಸಿದವರಿಗೆ ಕಾಣುವುದಿಲ್ಲ. ಪಾರ್ಸೆಲ್ ಕಳಿಸಿದ ಮಾತ್ರಕ್ಕೆ ಒಬ್ಬರ ಮನೆ ಬಾಗಿಲು ಇನ್ನೊಬ್ಬರ ಫೋನಿನಲ್ಲಿ ಕೂರಬಾರದು.

ತೂಕದ ಜಗಳ

ಕಳಿಸುವವರ ಕಡೆಯ ದೂರು ಮುಖ್ಯವಾಗಿ ಒಂದೇ: ಬುಕ್ ಮಾಡುವಾಗ ಒಂದು ದರ, ಆಮೇಲೆ ಇನ್ನೊಂದು. ಗಾಡಿಯಲ್ಲೂ ವಿಮಾನದಲ್ಲೂ ತೂಕದಷ್ಟೇ ಜಾಗಕ್ಕೂ ಬೆಲೆ ಇದೆ, ಅದಕ್ಕೇ ಕೊರಿಯರ್‌ನವರು ಗಾತ್ರದ ತೂಕ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವ ಕಿಲೋ. 40, 30, 30ರ ಪೆಟ್ಟಿಗೆಯಲ್ಲಿ 2 ಕಿಲೋದ ದಿಂಬು ಇದ್ದರೂ ಲೆಕ್ಕಕ್ಕೆ ಬರುವುದು 7.2 ಕಿಲೋ. ಹಳೆಯ ಆ್ಯಪ್ ತೂಕ ಮಾತ್ರ ಕೇಳಿ ದರ ಹೇಳುತ್ತಿತ್ತು. ಅಳತೆ ಗೋದಾಮಿನಲ್ಲಿ ಆಗುತ್ತಿತ್ತು. ಮೋಸ ಹೋದೆವು ಎಂದು ಜನರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸೂತ್ರ ವಿವರಿಸುವ ಪುಟವನ್ನು ಯಾರೂ ಓದಲಿಲ್ಲ. ಅದರ ಬದಲು ಪರದೆಯ ಮೇಲೊಂದು ಪೆಟ್ಟಿಗೆ ಬಿಡಿಸಿದೆವು. ಅಂಚು ಹಿಡಿದು ಎಳೆದರೆ ಪೆಟ್ಟಿಗೆ ದೊಡ್ಡದಾಗುತ್ತದೆ, ದರವೂ ಕಣ್ಣೆದುರೇ ಏರುತ್ತದೆ. ಒಬ್ಬ ಹುಡುಗಿ ಎಳೆದು ನೋಡಿ, "ಹಾಗಾದ್ರೆ ಚಿಕ್ಕ ಡಬ್ಬಕ್ಕೇ ಹಾಕ್ತೀನಿ" ಎಂದು ಎದ್ದು ಹೋಗಿ ಬೇರೆ ಡಬ್ಬ ತಂದಳು. ನಮಗೆ ಬೇಕಿದ್ದದ್ದು ಅದೇ.

ಎಲ್ಲಿದೆ ಎಂಬ ಪ್ರಶ್ನೆ

ಬಳಕೆಗೆ ಸುಲಭವಾದ ವಿನ್ಯಾಸದ ತಜ್ಞ ಯಾಕೋಬ್ ನೀಲ್ಸನ್ ಪರದೆಗಳ ವಿನ್ಯಾಸಕ್ಕೆ 1994ರಲ್ಲಿ ಕೊಟ್ಟ ಹತ್ತು ಸೂತ್ರಗಳಲ್ಲಿ ಮೊದಲನೆಯದು, ವ್ಯವಸ್ಥೆಯ ಸ್ಥಿತಿ ಬಳಸುವವರಿಗೆ ಕಾಣಬೇಕು. ಎರಡನೆಯದು, ಅದು ಬಳಸುವವರ ಮಾತಿನಲ್ಲಿ ಇರಬೇಕು. ನಮ್ಮ ಆ್ಯಪ್ ಮೊದಲನೆಯದನ್ನು ಪಾಲಿಸಿ ಎರಡನೆಯದರಲ್ಲಿ ಸೋತಿತ್ತು. 'ಹಬ್‌ನಲ್ಲಿ ಬ್ಯಾಗ್ ಇನ್‌ಸ್ಕ್ಯಾನ್ ಆಗಿದೆ' ಎಂಬುದು ಗೋದಾಮಿನ ಮಾತು. ಅದನ್ನು ಓದಿದವರಿಗೆ ತಾವೇನು ಮಾಡಬೇಕೆಂದು ತಿಳಿಯುವುದಿಲ್ಲ. ಪ್ರತಿ ಸ್ಥಿತಿಯ ಕೆಳಗೂ ಒಂದು ಸಾಲು ಸೇರಿಸಿದೆವು: 'ಸದ್ಯ ನೀವೇನೂ ಮಾಡಬೇಕಿಲ್ಲ', 'ಮಧ್ಯಾಹ್ನ 2ರಿಂದ 4ರೊಳಗೆ ಯಾರಾದರೂ ಇರಿ', 'ಗುರುತಿನ ಚೀಟಿ ಕೈಯಲ್ಲಿರಲಿ'. ಎರಡು ಸ್ಕ್ಯಾನ್‌ಗಳ ಮಧ್ಯೆ ಪಾರ್ಸೆಲ್ ಗಾಡಿಯಲ್ಲಿ ಓಡುತ್ತಲೇ ಇದ್ದರೂ ಆ್ಯಪ್‌ನಲ್ಲಿ ಕದಲುವುದಿಲ್ಲ. ಅದಕ್ಕೆ, ಮುಂದಿನ ಸ್ಕ್ಯಾನ್ ಯಾವಾಗ ನಿರೀಕ್ಷಿಸಬಹುದು ಎಂದೂ ಬರೆದೆವು.

ಟ್ರ್ಯಾಕಿಂಗ್ ಸಂಖ್ಯೆ ಹಾಕುವ ಜಾಗದಲ್ಲಿ 'ದಾಖಲೆ ಸಿಗಲಿಲ್ಲ' ಎಂಬ ಒಂದೇ ಉತ್ತರ ಎರಡು ಬೇರೆ ಸಂಗತಿಗಳಿಗೆ ಬರುತ್ತಿತ್ತು. ಸಂಖ್ಯೆ ತಪ್ಪಾದರೂ ಅದೇ, ಪಾರ್ಸೆಲ್ ಇನ್ನೂ ಸ್ಕ್ಯಾನ್ ಆಗಿರದಿದ್ದರೂ ಅದೇ. ಹೊರದೇಶದ ಅಂಚೆಯಿಂದ ಬರುವ ಪಾರ್ಸೆಲ್‌ಗಳ ಸಂಖ್ಯೆ ವಿಶ್ವ ಅಂಚೆ ಒಕ್ಕೂಟದ ಎಸ್10 ಮಾದರಿಯದ್ದು: ಎರಡು ಅಕ್ಷರ, ಒಂಬತ್ತು ಅಂಕಿ, ದೇಶದ ಎರಡು ಅಕ್ಷರ, ಒಟ್ಟು 13. ಒಂಬತ್ತನೆಯ ಅಂಕಿ ತಾಳೆಯ ಅಂಕಿ, ಅಂದರೆ ಉಳಿದ ಅಂಕಿಗಳು ಸರಿಯಿವೆಯೇ ಎಂದು ನೋಡಲು ಇರುವುದು. ಮೊದಲ ಎಂಟನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು 11ರಿಂದ ಕಳೆದರೆ ಅದು ಸಿಗುತ್ತದೆ. ಫಲ 10 ಬಂದರೆ 0, 11 ಬಂದರೆ 5. 12345678 ಆದರೆ ಮೊತ್ತ 204, ಶೇಷ 6, ತಾಳೆಯ ಅಂಕಿ 5. ಈ ಲೆಕ್ಕವನ್ನು ಫೋನೇ ಮಾಡಬಲ್ಲದು, ಸರ್ವರ್ ಬೇಕಿಲ್ಲ. ಹಾಗಾಗಿ ಒಂದಂಕಿ ತಪ್ಪಿದರೆ ಟೈಪ್ ಮಾಡುವಾಗಲೇ 'ಒಂದು ಅಂಕಿ ತಪ್ಪಿರಬಹುದು, ಮತ್ತೊಮ್ಮೆ ನೋಡಿ' ಎಂದು ಹೇಳಿದೆವು. ಸಂಖ್ಯೆ ಸರಿಯಿದ್ದೂ ದಾಖಲೆ ಇಲ್ಲದಿದ್ದರೆ 'ಸಂಖ್ಯೆ ಸರಿಯಿದೆ, ಪಾರ್ಸೆಲ್ ಇನ್ನೂ ನಮ್ಮ ಕೈ ಸೇರಿಲ್ಲ' ಎಂದೆವು.

ಬೇಡಿಕೆಯ ಮೊದಲ ಸಾಲಾಗಿದ್ದ ನಕ್ಷೆಯನ್ನೂ ಮಾಡಿದೆವು. ಪ್ರಯೋಗದಲ್ಲಿ ಕಂಡದ್ದು: ಗಾಡಿಯ ಚುಕ್ಕೆ ಹತ್ತು ನಿಮಿಷ ಒಂದೇ ಕಡೆ ನಿಂತರೆ ಜನ ಆತಂಕಪಟ್ಟು ಫೋನ್ ಮಾಡುತ್ತಿದ್ದರು. ಊಟಕ್ಕೆ ಕೂತವರಿಗೆ ಐದಾರು ಕರೆ. ದಿನವಿಡೀ ಒಬ್ಬ ಮನುಷ್ಯನ ಹೆಜ್ಜೆಯನ್ನು ಅಪರಿಚಿತರಿಗೆ ತೋರಿಸುವುದು ನನಗೆ ಸರಿ ಕಾಣಲಿಲ್ಲ. ಈಗ 'ನಿಮಗಿಂತ ಮೊದಲು ಇನ್ನು 4 ಮನೆ' ಎಂದಷ್ಟೇ ಬರುತ್ತದೆ. ಮುಂದಿನ ಸರದಿ ಪಡೆಯುವವರದಾದಾಗ ಮಾತ್ರ ನಕ್ಷೆ ತೆರೆಯುತ್ತದೆ, ಪಾರ್ಸೆಲ್ ಕೈಗೆ ಬಂದೊಡನೆ ಮುಚ್ಚುತ್ತದೆ.

ಜಾರಿಗೆ ಬಂದ ಮೇಲೆ

ಮೊದಲ ತಿಂಗಳ ವರದಿ ನೋಡಿ ಸಂಸ್ಥೆಯವರು ಗಾಬರಿಯಾದರು. 'ವಿಳಾಸ ಸಿಗಲಿಲ್ಲ' ಎಂಬ ಕಾರಣ ಒಮ್ಮೆಲೇ ಮೇಲೇರಿತ್ತು. ಹೊಸ ಆ್ಯಪ್‌ನಿಂದ ವಿಳಾಸ ಕೆಟ್ಟಿತೇ ಎಂದು ಕೇಳಿದರು. 'ಮನೆಯಲ್ಲಿಲ್ಲ' ಎಂಬುದು ಅಷ್ಟೇ ಪ್ರಮಾಣದಲ್ಲಿ ಇಳಿದದ್ದನ್ನು ಪಕ್ಕದಲ್ಲಿಟ್ಟು ತೋರಿಸಿದೆವು. ಮೊದಲಿನಿಂದಲೂ ಹೀಗೇ ಇತ್ತು, ಈಗ ಕಾಣುತ್ತಿದೆ. ಪಡೆಯುವವರು ಗೇಟು ಗುರುತಿಸಿದ ಪಾರ್ಸೆಲ್‌ಗಳಲ್ಲಿ ಈ ಎರಡೂ ಕಾರಣಗಳು ವಿರಳ. ಗುರುತಿಸದೆ ಬಿಟ್ಟವುಗಳಲ್ಲೇ ತೊಂದರೆ ಉಳಿದಿದೆ.

ನೆಟ್‌ವರ್ಕ್ ಇಲ್ಲದ ಕಡೆ ಮಾಡಿದ ಸ್ಕ್ಯಾನ್ ಫೋನಿನಲ್ಲೇ ಉಳಿದು ಆಮೇಲೆ ಹೋಗುವುದರಿಂದ, 'ತಲುಪಿದೆ' ಎಂದು ಬಂದ ಮೇಲೆ 'ಹೊರಟಿದೆ' ಎಂದು ಬರುವ ಗೊಂದಲವೂ ಇತ್ತು. ಸರ್ವರಿಗೆ ಮುಟ್ಟಿದ ಹೊತ್ತು ಬಿಟ್ಟು ಸ್ಕ್ಯಾನ್ ಆದ ಹೊತ್ತಿನ ಪ್ರಕಾರ ಜೋಡಿಸಿದಾಗ ಅದು ಹೋಯಿತು.

ಸ್ಮಾರ್ಟ್‌ಫೋನ್ ಇಲ್ಲದವರು, ನಕ್ಷೆ ಓದಲು ಬಾರದವರು ಈ ವಿನ್ಯಾಸದಲ್ಲಿ ಇನ್ನೂ ಹೊರಗೇ ಇದ್ದಾರೆ. ಅವರಿಗಾಗಿ ಈಗೊಂದು ಪ್ರಯೋಗ ನಡೆದಿದೆ, ಅದರ ಸಲಹೆ ಅಂದು ನಾನು ಜೊತೆಗೆ ಸುತ್ತಿದ ಅಣ್ಣನದೇ. ಪಡೆಯುವವರಿಗೆ ಸಾಮಾನ್ಯ ಫೋನ್ ಕರೆ ಹೋಗುತ್ತದೆ, 'ಮನೆಗೆ ಹೇಗೆ ಬರಬೇಕು ಹೇಳಿ' ಎನ್ನುತ್ತದೆ, ಅವರು ಬಾಯಲ್ಲೇ ದಾರಿ ಹೇಳುತ್ತಾರೆ. ಗಾಡಿ ಆ ಬೀದಿಗೆ ಬಂದಾಗ ದನಿ ಕೇಳಿಸುತ್ತದೆ. ಮೊದಲ ದಿನವೇ ಒಂದು ತೊಡಕು ಎದುರಾಯಿತು: ಒಬ್ಬ ಅಜ್ಜಿ ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂಬುದನ್ನೂ ಹೇಳಿಬಿಟ್ಟಿದ್ದರು, ಅದು ನಡುಬೀದಿಯಲ್ಲಿ ಸ್ಪೀಕರಿನಲ್ಲಿ ಮೊಳಗಿತು. ಈಗ ಫೋನನ್ನು ಕಿವಿಗಿಟ್ಟುಕೊಂಡಾಗ ಮಾತ್ರ ದನಿ ಬರುವಂತೆ ಮಾಡುತ್ತಿದ್ದೇವೆ. ಪೆಟ್ಟಿಗೆ ಹಿಡಿದ ಕೈಗೆ ಅದು ಎಷ್ಟು ಸಲೀಸು ಎಂದು ನೋಡಲು ಬರುವ ವಾರ ಮತ್ತೆ ಗಾಡಿ ಹತ್ತುತ್ತೇನೆ.